ಒಂದೇ ಬುತ್ತಿ, ಎರಡು ಮೈ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಕಂಪ್ಯೂಟರ್ ಬಗ್ಗೆಯೇ ಮಾತಾಡುತ್ತಾನೆ ಎಂದು ಸಮಿತಿಯವರು ಎಣಿಸಿದ್ದರು. ಹೊಟ್ಟೆಯ ಬಗ್ಗೆ ಮಾತಾಡುತ್ತೇನೆ ಎಂದೆ. ಅದಕ್ಕೆ ಎರಡು ಕಾರಣ. ಒಂದು, ಹೋದ ವರ್ಷದ ನನ್ನ ರಕ್ತಪರೀಕ್ಷೆಯ ವರದಿ. ಇನ್ನೊಂದು, ಮೂರನೇ ಸಾಲಿನಲ್ಲಿ ಕೂತಿರುವ ನನ್ನ ಗೆಳೆಯ.

ಒಂಬತ್ತನೇ ತರಗತಿಯಲ್ಲಿ ಅವನನ್ನು ನಾವು ಹೆಸರು ಹಿಡಿದು ಕರೆದದ್ದೇ ಕಡಿಮೆ. ‘ಡುಮ್ಮ’ ಎನ್ನುತ್ತಿದ್ದೆವು. ಹಾಗೆ ಮೊದಲು ಕರೆದವನು ನಾನೇ. ಮಧ್ಯಾಹ್ನ ಹುಣಸೆ ಮರದ ಕೆಳಗೆ ಡಬ್ಬಿ ಬಿಚ್ಚಿದರೆ ಅವನದೂ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ನನ್ನದೂ ಅದೇ. ಆದರೂ ‘ಎಷ್ಟು ತಿಂತೀಯೋ’ ಎಂದು ಕೇಳುತ್ತಿದ್ದೆ. ಅವನು ಅರ್ಧ ರೊಟ್ಟಿ ಹಾಗೇ ಬಿಟ್ಟು ಡಬ್ಬಿ ಮುಚ್ಚಿದ ದಿನಗಳಿವೆ.

ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು ಅಂದಾಜು. ಹೆಚ್ಚಿನವು ದೊಡ್ಡ ಕರುಳಿನಲ್ಲಿ. ಎಲ್ಲ ಸೇರಿಸಿ ತೂಗಿದರೂ ಕಾಲು ಕೆಜಿ ಆಗದು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಗಾರ್ಡನ್ ಅವರ ತಂಡ ಒಂದೂ ಸೂಕ್ಷ್ಮಜೀವಿ ಸೋಕದಂತೆ ಸಾಕಿದ ಇಲಿಗಳಿಗೆ ಸಾಮಾನ್ಯ ಇಲಿಗಳ ಕರುಳಿನ ಬ್ಯಾಕ್ಟೀರಿಯಾ ಸೇರಿಸಿತು. 14 ದಿನಗಳಲ್ಲಿ ಮೈಕೊಬ್ಬು ಸುಮಾರು 60 ಶೇಕಡಾ ಏರಿತು. ತಿಂದದ್ದು ಮಾತ್ರ ಮೊದಲಿಗಿಂತ ಕಡಿಮೆ! ಇದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಇನ್ನೊಂದು: ಬೊಜ್ಜಿನ ಇಲಿಯ ಬ್ಯಾಕ್ಟೀರಿಯಾ ಪಡೆದವು, ತೆಳ್ಳಗಿನ ಇಲಿಯದನ್ನು ಪಡೆದವುಗಳಿಗಿಂತ ಹೆಚ್ಚು ಕೊಬ್ಬು ಕೂಡಿಸಿಕೊಂಡವು.

ಗೆಳೆಯನ ಮೈಗೆ ಅವನ ಕರುಳೇ ಕಾರಣ ಎಂದು ನಾನು ಹೇಳಲಾರೆ. ವಂಶ, ನಿದ್ದೆ, ಓಡಾಟ ಎಲ್ಲವೂ ಸೇರಿರುತ್ತವೆ. ಆದರೆ ತಟ್ಟೆ ನೋಡಿ ಮೈಯ ಲೆಕ್ಕ ಹೇಳಲು ಬರುವುದಿಲ್ಲ ಎಂಬುದು ಆ ಇಲಿಗಳಿಂದ ನನಗೆ ತಿಳಿಯಿತು. ಇಪ್ಪತ್ತು ವರ್ಷ ತಡವಾಗಿ.

ಇನ್ನು ನನ್ನ ವರದಿ. ಮೂರು ತಿಂಗಳ ಸರಾಸರಿ ಸಕ್ಕರೆ 6.2, ಅಂದರೆ ಮಧುಮೇಹದ ಹೊಸ್ತಿಲು. ಸ್ಕ್ಯಾನಿಂಗ್‌ನಲ್ಲಿ ಲಿವರಿನಲ್ಲೂ ಕೊಬ್ಬು. ಇಲಿಗಳ ಕಥೆ ಓದಿದ್ದವನಿಗೆ ಒಳಗೊಳಗೇ ಖುಷಿ: ತಪ್ಪು ನನ್ನದಲ್ಲ, ಬ್ಯಾಕ್ಟೀರಿಯಾಗಳದು! ‘ಒಳ್ಳೆಯ ಬ್ಯಾಕ್ಟೀರಿಯಾ’ ಇರುವ ಮಾತ್ರೆ ತರಿಸಿ ಮೂರು ತಿಂಗಳು ನುಂಗಿದೆ. ರಾತ್ರಿ ಹನ್ನೊಂದಕ್ಕೆ ಮೊಬೈಲ್‌ನಲ್ಲಿ ಬಿರಿಯಾನಿ ತರಿಸುವುದನ್ನು ಮಾತ್ರ ಬಿಡಲಿಲ್ಲ. ಸಕ್ಕರೆ 6.2ರಲ್ಲೇ ಕೂತಿತ್ತು.

ಆಗ ಅದೇ ತಂಡದ 2013ರ ಪ್ರಯೋಗ ಓದಿದೆ. ಅವಳಿಗಳಲ್ಲಿ ಒಬ್ಬರು ದಪ್ಪ, ಒಬ್ಬರು ತೆಳ್ಳಗೆ. ಅವರ ಬ್ಯಾಕ್ಟೀರಿಯಾಗಳನ್ನು ಬೇರೆ ಬೇರೆ ಇಲಿಗಳಿಗೆ ಕೊಟ್ಟು ಒಂದೇ ಗೂಡಿನಲ್ಲಿಟ್ಟರು. ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುತ್ತವೆ. (ಊಟಕ್ಕೆ ಮುಂಚೆ ಈ ಮಾತು, ಕ್ಷಮಿಸಿ.) ಹೀಗೆ ತೆಳ್ಳಗಿನವರ ಬ್ಯಾಕ್ಟೀರಿಯಾ ದಪ್ಪಗಿನವರ ಬ್ಯಾಕ್ಟೀರಿಯಾ ಹೊತ್ತ ಇಲಿಗಳೊಳಗೆ ನೆಲೆಸಿ, ಕೊಬ್ಬು ಏರದಂತೆ ತಡೆದವು. ಆದರೆ ನಾರು ಹೆಚ್ಚಿದ್ದ, ಕೊಬ್ಬು ಕಡಿಮೆಯಿದ್ದ ಆಹಾರ ಕೊಟ್ಟಾಗ ಮಾತ್ರ. ಜಿಡ್ಡು ಹೆಚ್ಚಿ, ಹಣ್ಣು ತರಕಾರಿ ಕಡಿಮೆಯಾದ ಆಹಾರದಲ್ಲಿ ಅವು ನೆಲೆ ನಿಲ್ಲಲೇ ಇಲ್ಲ. ಬೀಜ ತಂದು ಬಂಡೆಯ ಮೇಲೆ ಚೆಲ್ಲಿದವನು ನಾನು.

ನಾರು ನಮಗೆ ಅರಗುವುದಿಲ್ಲ. ಅದು ಅವುಗಳ ಊಟ. ಕಾಳು, ಸೊಪ್ಪು, ರಾಗಿಯ ನಾರನ್ನು ಅವು ಹುದುಗಿಸಿ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಅವುಗಳಲ್ಲಿ ಬ್ಯುಟಿರೇಟ್ ಎಂಬುದು ಕರುಳಿನ ಒಳಪದರಕ್ಕೇ ಆಹಾರ. ಕೆಲವು ‘ಹೊಟ್ಟೆ ತುಂಬಿತು’ ಎನ್ನುವ ಹಾರ್ಮೋನುಗಳನ್ನೂ ಎಬ್ಬಿಸುತ್ತವೆ.

ಮನುಷ್ಯರಲ್ಲಿ ಫಲ ಇಷ್ಟು ಜೋರಿಲ್ಲ. ನೆದರ್ಲೆಂಡ್ಸ್‌ನಲ್ಲಿ ತೆಳ್ಳಗಿನವರ ಬ್ಯಾಕ್ಟೀರಿಯಾ ಪಡೆದ ದಪ್ಪ ಗಂಡಸರಲ್ಲಿ ಆರು ವಾರಕ್ಕೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತು, ತೂಕ ಇಳಿಯಲಿಲ್ಲ. ಮುಂದಿನ ಅಧ್ಯಯನದಲ್ಲಿ 18 ವಾರಕ್ಕೆ ಆ ಗುಣವೂ ಉಳಿಯಲಿಲ್ಲ.

ಮಾತ್ರೆ ಬಿಟ್ಟೆ. ಅವ್ವ ಕಳಿಸುವ ರಾಗಿಹಿಟ್ಟು, ಹುರುಳಿಕಾಳು ಮತ್ತೆ ಅಡುಗೆಮನೆಗೆ ಬಂದವು. ರಾತ್ರಿಯೂಟ ಎಂಟಕ್ಕೆ, ಬೆಳಿಗ್ಗೆ ನಡಿಗೆ. ಸಕ್ಕರೆ 5.8ಕ್ಕೆ ಬಂದಿದೆ. ಹೊಟ್ಟೆ ನಿಮಗೇ ಕಾಣುತ್ತಿದೆ, ಹೆಚ್ಚೇನೂ ಇಳಿದಿಲ್ಲ.

ನಿನ್ನೆ ರಾತ್ರಿ ಗೆಳೆಯನಿಗೆ ಫೋನ್ ಮಾಡಿ, ನಿನ್ನ ವಿಷಯ ಹೇಳಲೇ ಎಂದು ಕೇಳಿದೆ. ತಪ್ಪಾಯಿತು ಎಂದೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೇಳು. ಆದರೆ ನಾಳೆ ಊಟಕ್ಕೆ ನನ್ನ ಪಕ್ಕ ಕೂತ್ಕೋಬೇಕು ಕಣೋ’ ಎಂದ. ಅಡುಗೆಯವರು ಆಗಲೇ ಎಲೆ ಹಾಸುತ್ತಿದ್ದಾರೆ.