ಮೊದಲು ಸರ್ವಿಸ್ ಎದ್ದು ನಿಲ್ಲಲಿ, ಆರ್‌ಸಿಎ ಆಮೇಲೆ: ಹಳೇ ಆಘಾತದಿಂದ ಹೊರಬರುವ ದಾರಿ

ನಾನು ಡಾಕ್ಟರೂ ಅಲ್ಲ, ಮನಶ್ಶಾಸ್ತ್ರಜ್ಞನೂ ಅಲ್ಲ. ಎಂಟೆಕ್ ಮುಗಿಸಿ ಹತ್ತು ವರ್ಷದಿಂದ ಪುಣೆಯಲ್ಲಿ ಬ್ಯಾಕೆಂಡ್ ಕೋಡ್ ಬರೀತಾ ಇರೋನು. ಅದರ ಮಧ್ಯೆ ಒಂದೂವರೆ ವರ್ಷ ಥೆರಪಿಗೆ ಹೋಗಿ ಬಂದೋನು. ನನ್ನ ಥೆರಪಿಸ್ಟ್ ಅನುಸರಿಸಿದ ದಾರಿಯನ್ನ ತೋರಿಸಿಕೊಟ್ಟವರು ಜುಡಿತ್ ಹರ್ಮನ್ ಅನ್ನೋ ಅಮೆರಿಕದ ಮನೋವೈದ್ಯೆ. ಇವತ್ತು ಆ ದಾರಿಯ ಬಗ್ಗೆ ಮಾತಾಡೋಣ.

ಮೊದಲು ಒಂದು ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಬಿತ್ತು ಅಂದ್ಕೊಳ್ಳಿ. ಮೊದಲು ಏನು ಮಾಡ್ತೀರಿ? ಯಾರ ಕಮಿಟ್‌ನಿಂದ ಹೀಗಾಯ್ತು ಅಂತ ಹುಡುಕ್ತಾ ಕೂರ್ತೀರಾ? ಇಲ್ಲ ತಾನೇ. ರೋಲ್‌ಬ್ಯಾಕ್ ಮಾಡ್ತೀರಿ, ಟ್ರಾಫಿಕ್ ಬೇರೆ ಕಡೆ ತಿರುಗಿಸ್ತೀರಿ, ಹೇಗಾದರೂ ಸರ್ವಿಸ್ ಎದ್ದು ನಿಲ್ಲೋ ಹಾಗೆ ಮಾಡ್ತೀರಿ. ಆರ್‌ಸಿಎ, ಅಂದ್ರೆ ಮೂಲ ಕಾರಣದ ಹುಡುಕಾಟ, ಎಲ್ಲರೂ ಒಂದು ನಿದ್ದೆ ಮಾಡಿ ಬಂದ ಮೇಲೆ. ಮನಸ್ಸಿಗೆ ಬಿದ್ದ ಪೆಟ್ಟಿನ ವಿಷಯದಲ್ಲಿ ಹರ್ಮನ್ ಹೇಳೋದೂ ಹೆಚ್ಚುಕಡಿಮೆ ಇದೇ ಕ್ರಮ.

ಸ್ವಲ್ಪ ಹಿನ್ನೆಲೆ ಹೇಳ್ತೀನಿ. 1980ರಲ್ಲಿ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಪಿಟಿಎಸ್‌ಡಿ ಎಂಬ ಹೆಸರು ಸೇರಿತು. ಆಗ ಎಲ್ಲರ ಕಣ್ಣ ಮುಂದೆ ಇದ್ದವರು ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಸೈನಿಕರು. 1984ರಲ್ಲಿ ಹರ್ಮನ್ ಮತ್ತು ಮೇರಿ ಹಾರ್ವೆ ಸೇರಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ಹಾಸ್ಪಿಟಲ್‌ನಲ್ಲಿ ಹಿಂಸೆಗೆ ಒಳಗಾದವರಿಗಾಗಿ ಒಂದು ಚಿಕಿತ್ಸಾ ಕಾರ್ಯಕ್ರಮ ಶುರು ಮಾಡಿದರು. 1992ರಲ್ಲಿ ಅವರ 'ಟ್ರಾಮಾ ಅಂಡ್ ರಿಕವರಿ' ಪುಸ್ತಕ ಬಂತು. ಯುದ್ಧಭೂಮಿಯಲ್ಲಿ ಸೈನಿಕನಿಗೆ ಆಗೋದೂ, ನಾಲ್ಕು ಗೋಡೆಗಳ ಒಳಗೆ ಹೆಂಗಸರಿಗೆ, ಮಕ್ಕಳಿಗೆ ಆಗೋದೂ ಒಂದೇ ಜಾತಿಯ ಗಾಯ ಅಂತ ಅದರಲ್ಲಿ ಧೈರ್ಯವಾಗಿ ಹೇಳಿದರು. ತಪ್ಪಿಸಿಕೊಳ್ಳೋಕೆ ದಾರಿ ಇಲ್ಲದ ಜಾಗದಲ್ಲಿ ವರ್ಷಗಟ್ಟಲೆ ತಿಂದ ಪೆಟ್ಟು, ಒಂದೇ ಸಲದ ಅಪಘಾತಕ್ಕಿಂತ ಬೇರೆ ಥರ ಮನುಷ್ಯನನ್ನ ಬದಲಾಯಿಸುತ್ತೆ ಅಂತಲೂ ಹೇಳಿದರು. 'ಕಾಂಪ್ಲೆಕ್ಸ್ ಪಿಟಿಎಸ್‌ಡಿ' ಅನ್ನೋ ಆ ಹೆಸರು, 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಈಗ ಇದೆ.

ಇದೆಲ್ಲ ನನಗೆ ಯಾಕೆ ಬೇಕಾಯ್ತು ಅಂದ್ರೆ, ನಮ್ಮಪ್ಪ ಕುಡಿದು ಬರೋರು. ಅಂಗಳದಲ್ಲಿ ಸ್ಕೂಟರ್‌ಗೆ ಸ್ಟ್ಯಾಂಡ್ ಹಾಕೋ ಸದ್ದಿನಲ್ಲೇ ಆ ರಾತ್ರಿ ಹೇಗಿರುತ್ತೆ ಅಂತ ನನಗೂ ಅಕ್ಕನಿಗೂ ಗೊತ್ತಾಗೋದು. ಏಟು ಬೀಳ್ತಾ ಇದ್ದಿದ್ದು ಅಮ್ಮನಿಗೆ. ಅದೆಲ್ಲ ಮುಗಿದು ಇಪ್ಪತ್ತು ವರ್ಷದ ಮೇಲಾಯ್ತು. ಆದರೂ ಮೀಟಿಂಗಲ್ಲಿ ಯಾರಾದರೂ ದನಿ ಏರಿಸಿದರೆ ನನ್ನ ಕೈ ತಣ್ಣಗಾಗೋದು. ರಾತ್ರಿ ಮೂರು ಗಂಟೆಗೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ.

ಥೆರಪಿಸ್ಟ್ ಹತ್ರ ಮೊದಲ ಸಲ ಹೋಗುವಾಗ ಮೂರು ಪುಟದ ಟೈಮ್‌ಲೈನ್ ಬರ್ಕೊಂಡು ಹೋಗಿದ್ದೆ. ಅವರು ಅದನ್ನ ಓದಲಿಲ್ಲ. "ಇದು ನಿಮ್ಮ ಹತ್ರಾನೇ ಇರಲಿ. ಯಾವಾಗ ತೆಗೀಬೇಕು ಅನ್ನೋದನ್ನ ನೀವೇ ಹೇಳಿ" ಅಂದರು. ಆಮೇಲೆ ಎರಡು ತಿಂಗಳು ಬರೀ ಇವೇ ಪ್ರಶ್ನೆಗಳು: ಎಷ್ಟು ಗಂಟೆ ನಿದ್ದೆ ಆಯ್ತು? ಮಧ್ಯಾಹ್ನ ಊಟ ಮಾಡಿದ್ರಾ? ರಾತ್ರಿ ಹನ್ನೊಂದಕ್ಕೆ ಊರಿಂದ ಬರೋ ಫೋನ್ ತೆಗೀಲೇಬೇಕಾ?

ಹರ್ಮನ್ ಹೇಳುವ ಮೊದಲ ಹಂತ ಇದು, ಸುರಕ್ಷತೆ. ಅದು ಶುರು ಆಗೋದು ದೇಹದಿಂದ: ನಿದ್ದೆ, ಊಟ, ತನಗೆ ತಾನೇ ಹಾನಿ ಮಾಡಿಕೊಳ್ಳದೆ ಇರೋದು. ಆಮೇಲೆ ಸುತ್ತಲಿನದು: ಇರೋ ಮನೆ, ಕೈಯಲ್ಲಿರೋ ದುಡ್ಡು, ಜೊತೆಗಿರೋ ಜನ. ಅಪ್ಪನ ಜೊತೆ ಮಾತು ಭಾನುವಾರ ಬೆಳಗ್ಗೆ ಹತ್ತು ನಿಮಿಷ ಅಂತ ನಾನು ನಿರ್ಧಾರ ಮಾಡಿದೆ. ಕೈ ತಣ್ಣಗಾದಾಗ ಪಾದ ನೆಲಕ್ಕೆ ಒತ್ತಿ, ಕಣ್ಣಿಗೆ ಕಾಣೋ ಐದು ವಸ್ತುಗಳ ಹೆಸರು ಹೇಳ್ಕೊಳ್ಳೋದನ್ನ ಕಲಿತೆ. ಕೇಳೋಕೆ ಸಣ್ಣ ವಿಷಯ. ಆದರೆ ನಿದ್ದೆ ಮೊದಲು ವಾಪಸ್ ಬಂದಿದ್ದು ಇದರಿಂದಲೇ.

ನಿರ್ಧಾರ ನನ್ನದು ಅಂದೆನಲ್ಲ, ಹರ್ಮನ್ ಅವರ ಪದ್ಧತಿಯ ಬೇರು ಅಲ್ಲಿದೆ. ಆಘಾತ ಅಂದ್ರೆ ಏನು? ಏನೂ ಮಾಡೋಕಾಗದೆ ನಿಂತಿದ್ದ ಹೊತ್ತು. ನಮ್ಮ ಕೈಯಿಂದ ಹತೋಟಿ ಕಿತ್ತುಕೊಂಡ ಹೊತ್ತು. ಹಾಗಾಗಿ ವಾಸಿ ಮಾಡೋ ಹೆಸರಲ್ಲಿ ಇನ್ನೊಬ್ಬರು ಮತ್ತೆ ಹತೋಟಿ ಕಿತ್ತುಕೊಳ್ಳಬಾರದು. ಸಲಹೆ ಕೊಡಬಹುದು, ಜೊತೆಗೆ ಇರಬಹುದು. ಯಾವಾಗ, ಎಷ್ಟು ಹೇಳಬೇಕು ಅನ್ನೋದು ಪೆಟ್ಟು ತಿಂದವರಿಗೆ ಬಿಟ್ಟಿದ್ದು.

ಎರಡನೇ ಹಂತ ನೆನಪು ಮತ್ತು ದುಃಖ. ಟೈಮ್‌ಲೈನ್ ಹೊರಗೆ ಬಂದಿದ್ದು ಆಗ. ಅವರು ಮರಾಠಿಯವರು, ನಮ್ಮ ಮಾತು ಇಂಗ್ಲಿಷಲ್ಲಿ. ಇಂಗ್ಲಿಷಲ್ಲಿ ನಾನು ಎಲ್ಲವನ್ನೂ ಸ್ಟೇಟಸ್ ರಿಪೋರ್ಟ್ ಥರ ಒಪ್ಪಿಸಿಬಿಡ್ತಿದ್ದೆ. ಒಂದಿನ ಅವರು, "ನನಗೆ ಅರ್ಥ ಆಗದಿದ್ರೂ ಪರವಾಗಿಲ್ಲ, ನಿಮ್ಮ ಅಮ್ಮ ಏನಂದರು ಅನ್ನೋದನ್ನ ಅವರ ಭಾಷೇಲೇ ಹೇಳಿ" ಅಂದರು. "ಮಕ್ಳು ಮಲಗವ್ರೆ, ಮೆಲ್ಲಗೆ." ಅಷ್ಟೇ ಹೇಳಿದ್ದು. ಮುಂದಿನ ಮಾತು ಬರಲಿಲ್ಲ. ನಾವು ಮಲಗಿರಲಿಲ್ಲ. ಹೊರನಾಡಲ್ಲಿರೋ ನಮಗೆ ಇದು ಮುಖ್ಯ. ಗಾಯ ಆಗಿದ್ದು ಕನ್ನಡದಲ್ಲಾದರೆ, ಒಂದೆರಡು ಮಾತಾದರೂ ಕನ್ನಡದಲ್ಲೇ ಹೊರಗೆ ಬರಬೇಕು ಅಂತ ನನಗೆ ಅನ್ನಿಸಿತು.

ಇಲ್ಲಿ ಇನ್ನೊಂದು ಮಾತು. ನಮ್ಮ ಕಡೆ ನೆಂಟರು ಹೇಳ್ತಾರಲ್ಲ, "ಎಷ್ಟಾದ್ರೂ ಹೆತ್ತ ಅಪ್ಪ ಕಣೋ, ಕ್ಷಮಿಸಿಬಿಡು" ಅಂತ. ಕ್ಷಮಿಸಿದರೆ ನೋವು ತಾನಾಗೇ ಹೋಗುತ್ತೆ ಅನ್ನೋದನ್ನ ಹರ್ಮನ್ ಒಪ್ಪಲ್ಲ. ಕಳ್ಕೊಂಡಿದ್ದಕ್ಕೆ ಅಳಬೇಕು. ಸಿಗದೇ ಹೋದ ಬಾಲ್ಯಕ್ಕೂ ಅಳಬೇಕು. ಕ್ಷಮೆ ಬರಬಹುದು, ಬರದೇ ಇರಬಹುದು. ಅದಕ್ಕೆ ಕಾಯ್ತಾ ಚೇತರಿಕೆಯನ್ನ ನಿಲ್ಲಿಸಬೇಕಾಗಿಲ್ಲ. ನಾನು ಇನ್ನೂ ಕ್ಷಮಿಸಿಲ್ಲ. ನಿದ್ದೆ ಮಾತ್ರ ಚೆನ್ನಾಗಿ ಬರ್ತಿದೆ.

ಮೂರನೇ ಹಂತ ಮತ್ತೆ ಬದುಕಿಗೆ, ಜನರಿಗೆ ಸೇರ್ಕೊಳ್ಳೋದು. ನಾನು ಅಕ್ಕನಿಗೆ ಫೋನ್ ಮಾಡಿದೆ. ಇಷ್ಟು ವರ್ಷ ಇಬ್ಬರೂ ಒಂದು ಮಾತು ಎತ್ತಿರಲಿಲ್ಲ. "ನಿಂಗೂ ಆ ಸ್ಟ್ಯಾಂಡ್ ಸದ್ದು ನೆನಪಿದೆಯೇನೋ?" ಅಂದಳು. ಒಂದು ಗಂಟೆ ಮಾತಾಡಿದ್ವಿ.

ಈ ಮೂರು ಹಂತಗಳು ವಾಟರ್‌ಫಾಲ್ ಮಾಡೆಲ್ ಅಲ್ಲ. ಹಿಂದೆ ಮುಂದೆ ಹೋಗೋದು ಇದ್ದೇ ಇರುತ್ತೆ ಅಂತ ಹರ್ಮನ್ ಅವರೇ ಹೇಳಿದ್ದಾರೆ. ಮೊದಲ ಹಂತಕ್ಕೆ ಅಷ್ಟು ಸಮಯ ಕೊಡದೆ ನೇರವಾಗಿ ನೆನಪಿನ ಚಿಕಿತ್ಸೆ ಶುರು ಮಾಡಬಹುದು ಅಂತ ವಾದಿಸೋ ಸಂಶೋಧಕರೂ ಇದ್ದಾರೆ. ಆಘಾತದ ಮೇಲೆಯೇ ಗಮನ ಇಡುವ ಸಿಬಿಟಿ, ಇಎಮ್‌ಡಿಆರ್ ಚಿಕಿತ್ಸೆಗಳನ್ನ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಶಿಫಾರಸು ಮಾಡಿದೆ. ನಿಮಗೆ ಯಾವುದು ಸರಿ ಅನ್ನೋದನ್ನ ತಜ್ಞರ ಜೊತೆ ಕೂತು ನೀವೇ ತೀರ್ಮಾನಿಸಿ.

ಕೊನೆಗೆ ಕೆಲಸಕ್ಕೆ ಬರೋ ನಾಲ್ಕು ಮಾತು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳ್ಕೊಳ್ಳೋರಿಗೆ ಆರ್‌ಸಿಐ ನೋಂದಣಿ ಇದೆಯಾ ಕೇಳಿ, ಕೇಳೋದು ತಪ್ಪಲ್ಲ. ಮೊದಲ ದಿನವೇ ಎಲ್ಲಾ ಹೇಳಿ ಅಂತ ಒತ್ತಾಯ ಮಾಡಿದರೆ, "ಇವತ್ತು ಬೇಡ" ಅನ್ನಿ. ಆ ಉತ್ತರಕ್ಕೆ ಅವರು ಹೇಗೆ ನಡ್ಕೊಳ್ತಾರೆ ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಉಚಿತ, ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲೂ ಮಾತಾಡಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ವಿಮೆಯಲ್ಲಿ ದೇಹದ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ಭೇದ ಮಾಡೋ ಹಾಗಿಲ್ಲ. ಆದರೆ ಅಡ್ಮಿಟ್ ಆಗದೆ ತಗೊಳ್ಳೋ ಸೆಷನ್‌ಗಳಿಗೆ ನಿಮ್ಮ ಪಾಲಿಸಿಯಲ್ಲಿ ಕವರ್ ಇದೆಯಾ ನೋಡ್ಕೊಳ್ಳಿ.

ಇದನ್ನ ಕೇಳ್ತಾ ಇರೋ ಯಾರಿಗಾದರೂ ಏಟು ಈಗಲೂ ಬೀಳ್ತಾ ಇದ್ದರೆ, ನಿಮಗೆ ಸುರಕ್ಷತೆ ಅಂದ್ರೆ ಉಸಿರಾಟದ ಅಭ್ಯಾಸ ಅಲ್ಲ, ಆ ಮನೆಯಿಂದ ಹೊರಗೆ ಬರೋದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಉಳಿದವರು ಇವತ್ತು ರಾತ್ರಿ ಕೂತು ಹಳೇದನ್ನೆಲ್ಲ ಕೆದಕೋಕೆ ಹೋಗಬೇಡಿ. ಊಟ ಮಾಡಿ, ಮಲಗಿ. ನಾಳೆ ಒಂದು ಅಪಾಯಿಂಟ್‌ಮೆಂಟ್ ತಗೊಳ್ಳಿ, ಅಷ್ಟು ಸಾಕು.