ಆಂಗ್ಲ ಯುದ್ಧನೌಕೆಗಳಲ್ಲಿ ನಾವಿಕರ ದಿನಚರಿ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಾಠ ಹೇಳುವವನಿಗೆ ಆಂಗ್ಲರ ಯುದ್ಧನೌಕೆಯ ಗೊಡವೆಯೇಕೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಇದಕ್ಕೆ ಕಾರಣನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಚರಿತ್ರೆಯ ಅಧ್ಯಾಪಕರು ರಜೆಯಲ್ಲಿದ್ದ ಒಂದು ದಿನ ಅವರ ಪಾಠವನ್ನು ನಾನು ಹೇಳಬೇಕಾಯಿತು. ೧೮೦೫ರಲ್ಲಿ ಟ್ರಾಫಲ್ಗರ್ ಎಂಬಲ್ಲಿ ನೆಲ್ಸನ್ನನ ನೌಕಾಬಲವು ಜಯಶಾಲಿಯಾಯಿತೆಂದೂ ಅವನ ಹಡಗಾದ 'ವಿಕ್ಟರಿ'ಯಲ್ಲಿ ಎಂಟುನೂರಕ್ಕೂ ಮಿಕ್ಕ ಜನರಿದ್ದರೆಂದೂ ಹೇಳಿದೆ. ಆ ಹುಡುಗನು ಎದ್ದುನಿಂತು, ಅಷ್ಟು ಜನರೂ ರಾತ್ರಿ ಎಲ್ಲಿ ಮಲಗುತ್ತಿದ್ದರೆಂದು ಕೇಳಿದನು. ನನಗೆ ತಿಳಿದಿರಲಿಲ್ಲ, ತಿಳಿದು ಬಂದು ಹೇಳುತ್ತೇನೆಂದು ಮಾತು ಕೊಟ್ಟೆ. ಗ್ರಂಥಗಳನ್ನು ಹುಡುಕಿ ಓದತೊಡಗಿದಾಗ ಉತ್ತರವು ದೊರೆಯಿತು. ಅದರೊಡನೆ ನಾನು ಅರಸದಿದ್ದ ಕಥೆಯೊಂದೂ ದೊರೆಯಿತು.

'ವಿಕ್ಟರಿ'ಯು ೧೭೬೫ರಲ್ಲಿ ನೀರಿಗಿಳಿದ ಹಡಗು. ಫಿರಂಗಿಗಳನ್ನಿಟ್ಟ ಅದರ ಅಟ್ಟದ ಉದ್ದ ೧೮೬ ಅಡಿ. ಅಷ್ಟರಲ್ಲಿಯೇ ನೂರಕ್ಕೂ ಮಿಕ್ಕ ಫಿರಂಗಿಗಳು, ತಿಂಗಳುಗಟ್ಟಲೆಯ ಆಹಾರ, ನೀರು, ಮದ್ದುಗುಂಡು, ಇವೆಲ್ಲದರ ನಡುವೆ ಮನುಷ್ಯರು. ರಾತ್ರಿಯಾದೊಡನೆ ಫಿರಂಗಿಗಳ ಮೇಲಣ ತೊಲೆಗಳಿಗೆ ತೂಗುಜೋಲಿಗಳನ್ನು ಕಟ್ಟುತ್ತಿದ್ದರು. ನಿಯಮದಂತೆ ಒಬ್ಬನಿಗೆ ದೊರೆಯುತ್ತಿದ್ದ ಅಗಲ ೧೪ ಅಂಗುಲ ಮಾತ್ರ. ಮರುದಿನ ಕರಿಹಲಗೆಯ ಮೇಲೆ ನಾನು ಅಷ್ಟು ಅಗಲದ ಗೆರೆಗಳನ್ನೆಳೆದು ತೋರಿಸಿದೆ. ಹುಡುಗರು ಒಬ್ಬೊಬ್ಬರಾಗಿ ಬಂದು ನಿಂತು ನೋಡಿದರು. ತರಗತಿಯ ದಪ್ಪ ಹುಡುಗನ ಭುಜವು ಗೆರೆಯನ್ನು ದಾಟಿದಾಗ ಎಲ್ಲರೂ ನಕ್ಕರು. ಕಡಲಿನ ಮೇಲಿರುವಾಗ ಅರ್ಧ ಜನ ಮೇಲೆ ಕಾವಲಿರುತ್ತಿದ್ದುದರಿಂದ ಮಲಗಿದವನಿಗೆ ಪಕ್ಕದವನ ೧೪ ಅಂಗುಲವೂ ದಕ್ಕುತ್ತಿತ್ತು. ಆ ಅಚ್ಚುಕಟ್ಟಿಗಾಗಿಯೇ ಎರಡು ಪಾಳಿಯವರ ಜೋಲಿಗಳನ್ನು ಒಂದು ಬಿಟ್ಟು ಒಂದರಂತೆ ಕಟ್ಟುತ್ತಿದ್ದರು.

ಇಂತಹ ಹಡಗುಗಳಿಗೂ ನಮ್ಮ ನಾಡಿಗೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. 'ವಿಕ್ಟರಿ'ಯು ಓಕ್ ಮರದ್ದಾದರೂ, ೧೮೧೭ರಲ್ಲಿ ಮುಂಬಯಿಯಲ್ಲಿ ವಾಡಿಯಾ ಮನೆತನದವರು ಕಟ್ಟಿದ 'ಟ್ರಿಂಕೋಮಲಿ' ಎಂಬ ಯುದ್ಧನೌಕೆಯು ಮಲಬಾರಿನ ತೇಗದ್ದು. ಅದು ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಎಂಬ ಊರಿನಲ್ಲಿ ನೀರಿನ ಮೇಲೆ ತೇಲುತ್ತಿದೆ. ನಮ್ಮ ತೆಂಕಣ ನೆರೆಯ ಕಾಡಿನ ಮರವು ಅಷ್ಟು ಬಾಳಿದೆಯೆಂದು ಕೇಳಿ ಕಾಸರಗೋಡಿನವನಾದ ನನಗೆ ಸಂತೋಷವಾಯಿತೆಂಬುದನ್ನು ಮುಚ್ಚಿಡಲಾರೆ.

ಇನ್ನು ಕಾಲವಿಭಾಗ. ನಮ್ಮ ಹಿರಿಯರ ಜಾವಕ್ಕೆ ಮೂರು ಗಂಟೆಯಾದರೆ ಆ ನಾವಿಕರ ಜಾವಕ್ಕೆ ನಾಲ್ಕು ಗಂಟೆ. ಅರ್ಧ ಗಂಟೆಯ ಮರಳುಗಡಿಯಾರವನ್ನು ತಿರುಗಿಸಿದಾಗಲೆಲ್ಲ ಘಂಟೆ ಬಾರಿಸುವರು. ಮೊದಲ ಅರ್ಧ ಗಂಟೆಗೆ ಒಂದು ಏಟು, ಹೀಗೆ ಏರುತ್ತ ಎಂಟು ಏಟಾದರೆ ಜಾವ ಮುಗಿಯಿತು. ಆದರೆ ದಿನವನ್ನು ಆರು ಸಮಭಾಗ ಮಾಡಿದರೆ ನಡುರಾತ್ರಿಯ ಪಾಳಿಯು ಪ್ರತಿದಿನವೂ ಒಂದೇ ಗುಂಪಿನ ತಲೆಗೆ ಬೀಳುವುದಷ್ಟೆ. ಅದಕ್ಕಾಗಿ ಸಂಜೆಯ ನಾಲ್ಕರಿಂದ ಎಂಟರವರೆಗಿನ ಜಾವವನ್ನು ಸೀಳಿ ಎರಡು ಮಾಡಿದರು. ಜಾವಗಳು ಏಳಾದುವು, ಬೆಸಸಂಖ್ಯೆಯಾದುದರಿಂದ ಪಾಳಿಯು ತಾನಾಗಿಯೇ ದಿನದಿನವೂ ಬದಲಾಯಿಸಿತು. ಯಾರ ಬುದ್ಧಿಯೋ, ಮೆಚ್ಚತಕ್ಕದ್ದು. ಆದರೆ ಒಬ್ಬ ನಾವಿಕನೂ ಕಡಲಿನ ಮೇಲೆ ನಾಲ್ಕು ಗಂಟೆಗಿಂತ ಹೆಚ್ಚು ಒಂದೇ ಸಮನೆ ನಿದ್ರಿಸುವುದು ಅಪೂರ್ವವಾಗಿತ್ತು.

ಬೆಳಗಾಗುವ ಮೊದಲೇ ಮೊಣಕಾಲೂರಿ ಮರಳು, ನೀರು, ಕಲ್ಲುಗಳಿಂದ ಅಟ್ಟವನ್ನು ಉಜ್ಜಿ ಬೆಳ್ಳಗೆ ಮಾಡಬೇಕು. ಜೋಲಿಗಳನ್ನು ಬಿಗಿಯಾಗಿ ಸುತ್ತಿ ಹಡಗಿನ ಅಂಚಿನ ಬಲೆಗಳಲ್ಲಿ ಒಟ್ಟಬೇಕು. ಕದನದಲ್ಲಿ ಅವು ಬಂದೂಕಿನ ಗುಂಡಿಗೆ ಅಡ್ಡವಾಗುತ್ತಿದ್ದುವು. ಅನಂತರ ಹಾಯಿ, ಹಗ್ಗ, ಫಿರಂಗಿಯ ಅಭ್ಯಾಸ. ಗಾಳಿ ಎದ್ದರೆ ಹಗಲಿರುಳೆನ್ನದೆ ಕೂವೆಕಂಬವನ್ನೇರಿ, ತೂಗಾಡುವ ಅಡ್ಡಮರದ ಮೇಲೆ ಹೊಟ್ಟೆಯೂರಿ ಹಾಯಿಯನ್ನು ಮಡಿಸಬೇಕು.

ಊಟಕ್ಕೆ ಆರೆಂಟು ಜನರ ಪಂಕ್ತಿ. ಎರಡು ಫಿರಂಗಿಗಳ ನಡುವೆ ತೂಗುಹಾಕಿದ ಹಲಗೆಯೇ ಮೇಜು. ತಲೆಗೆ ದಿನಕ್ಕೆ ಒಂದು ಪೌಂಡು, ಎಂದರೆ ನಮ್ಮ ಹಿರಿಯರ ಮಾತಿನಲ್ಲಿ ಒಂದು ರಾತ್ಲು, ಕಲ್ಲಿನಂತಹ ಬಿಸ್ಕತ್ತು. ಅದು ಹಳತಾದರೆ ಹುಳುಗಳ ಮನೆ. ಕುಡಿಯಲು ಒಂದು ಗ್ಯಾಲನ್ ಬಿಯರು, ಏಕೆಂದರೆ ಪೀಪಾಯಿಯ ನೀರು ಬೇಗ ಕೆಡುತ್ತಿತ್ತು. ವಾರಕ್ಕೆ ನಾಲ್ಕು ಪೌಂಡು ಉಪ್ಪು ಹಾಕಿದ ಗೋಮಾಂಸ, ಎರಡು ಪೌಂಡು ಹಂದಿಯ ಮಾಂಸ, ಬಟಾಣಿ, ಓಟಿನ ಹಿಟ್ಟು, ಒಂದಿಷ್ಟು ಬೆಣ್ಣೆ, ಗಿಣ್ಣು. ಸೋಮವಾರ, ಬುಧವಾರ, ಶುಕ್ರವಾರಗಳಂದು ಮಾಂಸವಿಲ್ಲ. ಆ ದಿನಗಳಿಗೆ ನಾವಿಕರಿಟ್ಟ ಹೆಸರು 'ಬನಿಯನ್ ದಿನ'! ಮಾಂಸ ತಿನ್ನದ ನಮ್ಮ ದೇಶದ ಬನಿಯಾ ವರ್ತಕರನ್ನು ಕಂಡು ಇಟ್ಟ ಹೆಸರದು. ನಾವು ತೊಡುವ ಬನೀನೂ ಅದೇ ಮಾತಿನ ಕುಡಿ. ಶಬ್ದಗಳ ಪ್ರಯಾಣ ಹಡಗುಗಳ ಪ್ರಯಾಣಕ್ಕಿಂತ ವಿಚಿತ್ರವಾದುದು. ೧೭೪೦ರಲ್ಲಿ ವರ್ನನ್ ಎಂಬ ಸೇನಾಪತಿಯು ರಮ್ ಮದ್ಯಕ್ಕೆ ನೀರು ಬೆರಸಿ ಕೊಡಬೇಕೆಂದು ಆಜ್ಞಾಪಿಸಿದಾಗ, ಅವನ ಒರಟು ಬಟ್ಟೆಯ ನಿಲುವಂಗಿಯ ಹೆಸರನ್ನೇ ಮೊಟಕುಮಾಡಿ ಆ ಪೇಯವನ್ನು 'ಗ್ರಾಗ್' ಎಂದು ಕರೆದರು. ರಮ್ ಹಂಚುವ ಪದ್ಧತಿಯು ೧೯೭೦ರ ಜುಲೈ ೩೧ರಂದು ನಿಂತಿತು.

ಹಸಿಯ ಹಣ್ಣು, ಕಾಯಿಪಲ್ಯಗಳಿಲ್ಲದ ಈ ಊಟದ ಫಲವೇ ಸ್ಕರ್ವಿ ರೋಗ. ಒಸಡು ಬಾತು ಹಲ್ಲು ಅಲುಗುವುದು. ಮಾಯ್ದ ಹಳೆಯ ಗಾಯವೂ ಬಾಯಿಬಿಡುವುದು. ೧೭೪೭ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ಹನ್ನೆರಡು ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಬೇರ್ಪಡಿಸಿ, ಒಂದೊಂದು ಜೊತೆಗೆ ಒಂದೊಂದು ಔಷಧವನ್ನು ಕೊಟ್ಟು ನೋಡಿದನು. ಕಿತ್ತಳೆ, ನಿಂಬೆಗಳನ್ನು ತಿಂದ ಇಬ್ಬರೇ ಬೇಗನೆ ಚೇತರಿಸಿಕೊಂಡರು. ಆದರೂ ನಿಂಬೆಯ ರಸವನ್ನು ಎಲ್ಲ ಹಡಗುಗಳಿಗೂ ಕೊಡಲು ಆಜ್ಞೆಯಾದುದು ೧೭೯೫ರಲ್ಲಿ! ಈ ನಡುವಿನ ಏಳು ವರ್ಷಗಳ ಯುದ್ಧದಲ್ಲಿ ಆಂಗ್ಲ ನೌಕಾಬಲವು ಭರ್ತಿ ಮಾಡಿಕೊಂಡ ಸುಮಾರು ೧,೮೫,೦೦೦ ಮಂದಿಯಲ್ಲಿ ಕಾದಾಟದಲ್ಲಿ ಮಡಿದವರು ೧,೫೧೨. ರೋಗದಿಂದ ಸತ್ತವರೂ ಓಡಿಹೋದವರೂ ಸೇರಿ ೧,೩೩,೦೦೦ಕ್ಕೂ ಹೆಚ್ಚು.

ಓಡಿಹೋಗುವುದೇಕೆಂದರೆ, ಅನೇಕರು ತಾವಾಗಿ ಬಂದವರೇ ಅಲ್ಲ. ರೇವುಪಟ್ಟಣಗಳ ಬೀದಿಗಳಲ್ಲಿ ಬಲಾತ್ಕಾರದಿಂದ ಹಿಡಿದು ತಂದವರು. ವ್ಯಾಪಾರದ ಹಡಗಿನಿಂದ ಮನೆಗೆ ಮರಳುತ್ತಿದ್ದವರನ್ನೂ ಕಡಲಿನಲ್ಲಿಯೇ ತಡೆದು ಎಳೆದುಕೊಂಡವರು. ಓಡಿಯಾರೆಂಬ ಭಯದಿಂದ ಹಡಗು ರೇವಿನಲ್ಲಿದ್ದರೂ ಅವರನ್ನು ದಡಕ್ಕೆ ಬಿಡುತ್ತಿರಲಿಲ್ಲ. ತಪ್ಪು ಮಾಡಿದವನನ್ನು ಎಲ್ಲರೆದುರು ಕಟ್ಟಿ ಒಂಬತ್ತು ಎಳೆಯ ಚಾವಟಿಯಿಂದ ಹೊಡೆಯುತ್ತಿದ್ದರು.

ನನ್ನ ಮನಸ್ಸನ್ನು ಹೆಚ್ಚು ಕಲಕಿದುದು ಚಾವಟಿಯಲ್ಲ, ತಕ್ಕಡಿ. ಪೌಂಡಿಗೆ ೧೬ ಔನ್ಸೆಂಬುದನ್ನು ಅಂದಿನ ಇಂಗ್ಲೆಂಡಿನಲ್ಲಿ ಮಕ್ಕಳೂ ಬಲ್ಲರು. ಹಡಗಿನ ಉಗ್ರಾಣಿಯು ನಾವಿಕನಿಗೆ ತೂಗುತ್ತಿದ್ದ ಪೌಂಡಿಗೆ ಮಾತ್ರ ೧೪ ಔನ್ಸು! ಸೋರಿಹೋದುದಕ್ಕೆ, ಕೆಟ್ಟುಹೋದುದಕ್ಕೆ ಎಂದು ಎಂಟರಲ್ಲಿ ಒಂದು ಪಾಲನ್ನು ಹಿಡಿದುಕೊಳ್ಳಲು ಅವನಿಗೆ ಸರಕಾರದ ಅನುಮತಿಯೇ ಇದ್ದಿತು. ಸಂಬಳವೋ, ೧೬೫೩ರಲ್ಲಿ ನಿಗದಿಯಾದುದು. ನುರಿತ ನಾವಿಕನಿಗೆ ತಿಂಗಳಿಗೆ ೨೪ ಷಿಲ್ಲಿಂಗು. ನೂರನಾಲ್ವತ್ತು ವರ್ಷಗಳಾದರೂ ಅದು ಒಂದು ಕಾಸಿನಷ್ಟೂ ಏರಲಿಲ್ಲ.

೧೭೯೭ರಲ್ಲಿ ಪೋರ್ಟ್ಸ್‌ಮತ್ ಬಳಿಯ ಸ್ಪಿಟ್‌ಹೆಡ್ ಎಂಬಲ್ಲಿ ನಿಂತಿದ್ದ ಹಡಗುಗಳ ನಾವಿಕರು ಮೊದಲು ಬಿನ್ನವತ್ತಳೆಗಳನ್ನು ಕಳುಹಿದರು. ಯಾರೂ ಲಕ್ಷಿಸಲಿಲ್ಲ. ಏಪ್ರಿಲ್ ೧೬ರಂದು ಲಂಗರನ್ನೆತ್ತಲು ಆಜ್ಞೆಯಾದಾಗ ಅವರು ಎತ್ತಲಿಲ್ಲ. ೧೬ ಹಡಗುಗಳಿಂದ ಇಬ್ಬಿಬ್ಬರಂತೆ ೩೨ ಮಂದಿ ಪ್ರತಿನಿಧಿಗಳು ಸೇನಾಪತಿಯ ಕೋಣೆಯಲ್ಲಿಯೇ ಸಭೆ ಕೂಡಿದರು. ಫ್ರೆಂಚರು ಕಡಲಿಗಿಳಿದರೆ ತಾವು ಕಾದಲು ಸಿದ್ಧರೆಂದೂ ಸಾರಿದರು. ಘಂಟೆಗಳು ಎಂದಿನಂತೆ ಬಾರಿಸಿದುವು. ಪಾಳಿಗಳು ಎಂದಿನಂತೆ ಬದಲಾದುವು. ಕುಡಿದು ಮೈಮರೆತವನಿಗೆ ಅವರೇ ಶಿಕ್ಷೆ ವಿಧಿಸಿದರು. ಅವರು ಕೇಳಿದುದೇನು? ಬಾಳಲು ಸಾಕಾಗುವ ಸಂಬಳ, ರೇವಿನಲ್ಲಿರುವಾಗ ತರಕಾರಿ, ರೋಗಿಗಳಿಗೆ ಸರಿಯಾದ ಆರೈಕೆ, ಮನೆಯವರನ್ನು ಕಾಣಲು ಸ್ವಲ್ಪ ಬಿಡುವು, ಪೌಂಡಿಗೆ ೧೬ ಔನ್ಸು. ಚಾವಟಿಯನ್ನು ನಿಲ್ಲಿಸಿರೆಂದು ಕೂಡ ಆ ಪಟ್ಟಿಯಲ್ಲಿಲ್ಲ.

ಸರಕಾರವು ಒಪ್ಪಿತು, ಆದರೆ ಕಾಯಿದೆಯಾಗುವುದು ತಡವಾಗಿ ಸಂಶಯ ಬೆಳೆಯಿತು. ಮೇ ೭ರಂದು 'ಲಂಡನ್' ಎಂಬ ಹಡಗಿನಲ್ಲಿ ರಕ್ತವೂ ಹರಿಯಿತು. ಕೊನೆಗೆ ನಾವಿಕರು ನಂಬುತ್ತಿದ್ದ ಮುದುಕ ಲಾರ್ಡ್ ಹೌ ಎಂಬವರನ್ನು ಕಳುಹಿದರು. ಎಪ್ಪತ್ತು ದಾಟಿದ, ಸಂಧಿವಾತದಿಂದ ನರಳುತ್ತಿದ್ದ ಆ ಹಿರಿಯರು ರಾಜನ ಕ್ಷಮಾಪತ್ರವನ್ನು ಹಿಡಿದು ಹಡಗಿನಿಂದ ಹಡಗಿಗೆ ಹೋಗಿ ಮಾತನಾಡಿದರು. ಸಂಬಳವು ದಿನಕ್ಕೆ ಸುಮಾರು ಒಂದು ಷಿಲ್ಲಿಂಗಿಗೇರಿತು. ಪೌಂಡು ೧೬ ಔನ್ಸಾಯಿತು. ಮೇ ೧೫ರ ಸಂಜೆ ಪ್ರತಿನಿಧಿಗಳು ಆ ಮುದುಕರನ್ನು ಹೆಗಲ ಮೇಲೆ ಹೊತ್ತು ಪೋರ್ಟ್ಸ್‌ಮತ್ ರಾಜ್ಯಪಾಲರ ಮನೆಯವರೆಗೆ ಕರೆದೊಯ್ದರು. ಅಲ್ಲಿ ಲಾರ್ಡ್ ಹೌ ದಂಪತಿಗಳೊಡನೆ ಒಂದೇ ಮೇಜಿಗೆ ಕುಳಿತು ಅವರೂ ಊಟಮಾಡಿದರು.