ಒಂದು ಜೊತೆ ಬೂಟಿನ ಆಯುಷ್ಯ

ನಾನು ಮೆಟ್ರಿಕ್ ಓದಿದವನು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕಾರಕೂನನಾಗಿದ್ದು ನಿವೃತ್ತನಾಗಿ ಈಗ ಗಡಹಿಂಗ್ಲಜದಲ್ಲಿ ಇದ್ದೇನೆ. ದೊಡ್ಡ ವಿಷಯಗಳನ್ನು ಹೇಳುವ ಅಧಿಕಾರ ನನಗಿಲ್ಲ. ಆದ್ದರಿಂದ ನಿಮ್ಮ ಹೊಸ್ತಿಲ ಹೊರಗೆ ಬಿದ್ದಿರುವ ಒಂದು ಸಣ್ಣ ವಸ್ತುವಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಅದು ನಿಮ್ಮ ಮಕ್ಕಳ ಬೂಟು.

1996ರ ಮಳೆಗಾಲದ ಮಾತು. ಆಗ ನನಗೆ ಇಚಲಕರಂಜಿಗೆ ವರ್ಗವಾಗಿತ್ತು. ಮಗಳು ನಾಲ್ಕನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಜೂನ್ ತಿಂಗಳಲ್ಲಿ ಅವಳಿಗೆ ಹೊಸ ಚರ್ಮದ ಬೂಟು ಕೊಡಿಸಿದ್ದೆ. ಜುಲೈಯಲ್ಲಿ ಒಂದು ಸಂಜೆ ಅವಳು ತೊಯ್ದು ತಪ್ಪಡಿಯಾಗಿ ಮನೆಗೆ ಬಂದಳು. ಬೂಟಿನೊಳಗೆ ನೀರು ನಿಂತಿತ್ತು. ಬೆಳಿಗ್ಗೆ ಏಳಕ್ಕೆ ಶಾಲೆ. ನಾನು ಬುದ್ಧಿವಂತನಂತೆ ಆ ಬೂಟನ್ನು ಬಚ್ಚಲ ಒಲೆಯ ಬಾಯಿಗೆ ಇಟ್ಟು ಮಲಗಿಕೊಂಡೆ. ಬೆಳಿಗ್ಗೆ ಎದ್ದು ನೋಡಿದರೆ ಚರ್ಮ ಹಪ್ಪಳದ ಹಾಗೆ ಸೊಟ್ಟಗಾಗಿ ಸೀಳಿತ್ತು, ಅಟ್ಟೆ ಬಾಯಿ ಬಿಟ್ಟಿತ್ತು. ತಿಂಗಳ ಕೊನೆ, ಪಗಾರಕ್ಕೆ ಇನ್ನೂ ಎಂಟು ದಿನವಿತ್ತು. ಆ ಎಂಟು ದಿನ ಅವಳು ರಬ್ಬರ್ ಚಪ್ಪಲಿಯಲ್ಲಿ ಶಾಲೆಗೆ ಹೋದಳು. ಪ್ರಾರ್ಥನೆಯ ವೇಳೆಯಲ್ಲಿ ಅವಳನ್ನು ಸಾಲಿನಿಂದ ಹೊರಗೆ ನಿಲ್ಲಿಸುತ್ತಿದ್ದರಂತೆ. ಇದನ್ನು ಅವಳು ನಮಗೆ ಹೇಳಲಿಲ್ಲ, ಪಕ್ಕದ ಮನೆಯ ಹುಡುಗಿ ಹೇಳಿದಳು. ಬೂಟು ಕೆಡಿಸಿದವನು ನಾನು, ಸಾಲಿನ ಹೊರಗೆ ನಿಂತವಳು ಅವಳು.

ಆ ಬೂಟನ್ನು ಒಬ್ಬ ಚಮ್ಮಾರ ಅಣ್ಣನ ಮುಂದೆ ಇಟ್ಟೆ. ಅವನು ತಿರುಗಿಸಿ ನೋಡಿ, "ಸಾಹೇಬ್ರ, ತೊಗಲಿಗೆ ಬೆಂಕಿ ತೋರಸಬಾರದ್ರಿ, ಗಾಳಿ ತೋರಸಬೇಕು" ಅಂದ. ಬೂಟಿನ ಆರೈಕೆಯ ಮೊದಲ ಪಾಠ ನನಗೆ ಅಲ್ಲಿಯೇ ಸಿಕ್ಕಿತು. ಚರ್ಮದ ಎಳೆಗಳಲ್ಲಿ ಸ್ವಲ್ಪ ತೇವ, ಸ್ವಲ್ಪ ಎಣ್ಣೆಯಂಶ ಇರುತ್ತದೆ. ಬೆಂಕಿಯ ಹತ್ತಿರ ಇಟ್ಟರೆ ತೇವ ಒಮ್ಮೆಲೇ ಹಾರಿ ಎಳೆಗಳು ಮುದುಡಿಕೊಳ್ಳುತ್ತವೆ. ಅಟ್ಟೆ ಹಿಡಿದಿರುವ ಅಂಟೂ ಬಿಸಿಗೆ ಮೆತ್ತಗಾಗಿ ಬಿಡುತ್ತದೆ.

ಹಾಗಾದರೆ ತೊಯ್ದ ಬೂಟನ್ನು ಏನು ಮಾಡಬೇಕು? ದಾರ ಬಿಚ್ಚಿರಿ, ನಾಲಿಗೆ ಎತ್ತಿರಿ, ಒಳಗಿನ ಮೆತ್ತೆ ಹೊರಗೆ ತೆಗೆಯಿರಿ. ಹಳೆಯ ವರ್ತಮಾನ ಪತ್ರಿಕೆಯನ್ನು ಮುದ್ದೆ ಮಾಡಿ ಒಳಗೆ ತುರುಕಿರಿ. ಒಂದೆರಡು ತಾಸಿಗೆ ಕಾಗದ ಒದ್ದೆಯಾಗುತ್ತದೆ, ಅದನ್ನು ಬದಲಿಸಿರಿ. ಆಮೇಲೆ ಬೂಟನ್ನು ಗೋಡೆಗೆ ಆನಿಸಿ ಫ್ಯಾನಿನ ಗಾಳಿಗೆ ಇಡಿರಿ. ಬಿಳಿ ಕ್ಯಾನ್ವಾಸ್ ಬೂಟಿಗೆ ಮಾತ್ರ ಪತ್ರಿಕೆ ಬೇಡ, ಶಾಯಿ ಹತ್ತುತ್ತದೆ. ಅದಕ್ಕೆ ಹಳೆಯ ಅರಿವೆ ಸಾಕು.

ಇನ್ನು ಕೆಸರು. ಹಸಿ ಕೆಸರನ್ನು ತಿಕ್ಕಬೇಡಿರಿ, ಅದು ಇನ್ನಷ್ಟು ಹರಡುತ್ತದೆ. ಒಣಗಲು ಬಿಟ್ಟು ಎರಡೂ ಬೂಟುಗಳನ್ನು ಒಂದಕ್ಕೊಂದು ಬಡಿದರೆ ಅರ್ಧ ಕೆಸರು ತಾನೇ ಉದುರುತ್ತದೆ. ಉಳಿದದ್ದಕ್ಕೆ ಸವೆದ ಹಲ್ಲುಜ್ಜುವ ಬ್ರಶ್ಶು ಇದ್ದರೆ ಆಯಿತು.

ಕ್ಯಾನ್ವಾಸ್ ತೊಳೆಯಲು ನಮ್ಮ ಮನೆಯಲ್ಲಿ ಅಂಟುವಾಳಕಾಯಿ ಬಳಸುತ್ತೇವೆ. ಇಲ್ಲಿಯ ಪೇಟೆಯಲ್ಲಿ ರೀಠಾ ಅಂದರೆ ಕೊಡುತ್ತಾರೆ. ಐದಾರು ಕಾಯಿಗಳ ಬೀಜ ತೆಗೆದು ಸಿಪ್ಪೆಯನ್ನು ಒಂದು ತಂಬಿಗೆ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿದರೆ ಒಳ್ಳೆಯ ನೊರೆ ಬರುತ್ತದೆ. ಅದರಲ್ಲಿ ಬ್ರಶ್ಶು ಅದ್ದಿ ತಿಕ್ಕಿರಿ. ಬೂಟನ್ನು ಬಕೆಟ್ಟಿನಲ್ಲಿ ನೆನೆಯಿಡಬೇಡಿರಿ. ಚೆನ್ನಾಗಿ ಜಾಲಾಡಿಸಿರಿ, ಇಲ್ಲದಿದ್ದರೆ ಬಿಳಿ ಅರಿವೆಗೆ ಕಂದು ಛಾಯೆ ಉಳಿಯುತ್ತದೆ. ಆ ನೀರು ಮಕ್ಕಳ ಕಣ್ಣಿಗೆ ಸಿಡಿಯಬಾರದು, ಬಹಳ ಉರಿಯುತ್ತದೆ.

ಕಪ್ಪು ಶಾಲಾ ಬೂಟಿನಲ್ಲಿ ಎರಡು ತರಹ. ಈಗ ಪೇಟೆಯಲ್ಲಿ ಸಿಗುವವುಗಳಲ್ಲಿ ಹೆಚ್ಚಿನವು ಚರ್ಮದವಲ್ಲ, ರೆಕ್ಸಿನ್‌ನವು. ರೆಕ್ಸಿನ್ ಎಣ್ಣೆ ಕುಡಿಯುವುದಿಲ್ಲ. ಅದಕ್ಕೆ ಎಣ್ಣೆ ಹಚ್ಚಿದರೆ ಧೂಳು ಕೂಡುತ್ತದೆ ಅಷ್ಟೇ. ಹಸಿ ಅರಿವೆಯಿಂದ ಒರೆಸಿದರೆ ಸಾಕು. ನಿಜವಾದ ಚರ್ಮವಾಗಿದ್ದರೆ ಒರೆಸಿ, ಪೂರ್ತಿ ಒಣಗಿದ ಮೇಲೆ ಅರಿವೆಗೆ ಒಂದೆರಡು ಹನಿ ಹರಳೆಣ್ಣೆ ಹಾಕಿ ತೆಳ್ಳಗೆ ಸವರಿರಿ. ಡಬ್ಬಿಯ ಪಾಲಿಶ್ ಹಚ್ಚುವುದಾದರೆ ಬಾಗಿಲು ಕಿಟಕಿ ತೆರೆದು ದೊಡ್ಡವರೇ ಹಚ್ಚಲಿ. ಅದರ ವಾಸನೆ ಅಂದರೆ ಹಾರುವ ದ್ರಾವಕ, ಸಣ್ಣ ಮಕ್ಕಳ ಮೂಗಿನ ಹತ್ತಿರ ಇರಬೇಕಾದದ್ದಲ್ಲ.

ಬೂಟು ನಾರುತ್ತಿದ್ದರೆ ಒಂದು ಚಮಚ ಅಡಿಗೆ ಸೋಡಾವನ್ನು ಅರಿವೆಯಲ್ಲಿ ಗಂಟು ಕಟ್ಟಿ ರಾತ್ರಿ ಒಳಗೆ ಇಟ್ಟು ಬೆಳಿಗ್ಗೆ ತೆಗೆಯಿರಿ. ಮತ್ತೊಂದು ಮಾತು. ಮಳೆಗಾಲದಲ್ಲಿ ಬೂಟನ್ನು ಬಡಿದು ನೋಡದೆ ಮಗುವಿನ ಕಾಲಿಗೆ ಹಾಕಬೇಡಿರಿ. ನಮ್ಮ ಕಡೆ ಚೇಳು, ಜರಿ ಬೆಚ್ಚಗಿನ ಜಾಗ ಹುಡುಕಿಕೊಂಡು ಅದರೊಳಗೆ ಸೇರುತ್ತವೆ.

ಪೇಟೆಯಲ್ಲಿ ಸೋಪಿನ ಪುಡಿ ಇರುವಾಗ ಈ ರೀಠಾ, ಸೋಡಾ ಯಾಕೆ ಎಂದು ನೀವು ಕೇಳಬಹುದು. ನಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ನೋಡಿರಿ. ಕೊಲ್ಹಾಪುರದ ಮುಂದೆ ಹರಿದ ಪಂಚಗಂಗೆ ಇಚಲಕರಂಜಿಯ ಬದಿಗೆ ಬಂದು ನೃಸಿಂಹವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಗಡಹಿಂಗ್ಲಜದ ಹಿರಣ್ಯಕೇಶಿ ಘಟಪ್ರಭೆಗೆ ಸೇರಿ ಅದೇ ಕೃಷ್ಣೆಗೆ ಹೋಗುತ್ತದೆ. ಮೇಲಿನವರು ಬಿಟ್ಟ ನೀರನ್ನು ಕೆಳಗಿನವರು ಕುಡಿಯಬೇಕು. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹರಡಿ ಜನ ಸತ್ತದ್ದನ್ನು ನಾವು ಮರೆತಿಲ್ಲ. ಅದು ಹೊಲಸು ನೀರು ಕುಡಿಯುವ ನೀರಿಗೆ ಸೇರಿದ್ದರಿಂದ ಬಂದದ್ದು, ಸೋಪಿನಿಂದ ಬಂದದ್ದಲ್ಲ, ನಿಜ. ಆದರೆ ಹೊಳೆಗೆ ಏನು ಬಿಡುತ್ತೇವೆ ಎಂದು ಯೋಚಿಸುವ ಅಭ್ಯಾಸ ಸಣ್ಣದರಿಂದಲೇ ಶುರುವಾಗಬೇಕು. ಬಚ್ಚಲ ನೀರಿಗೂ ಹೊಳೆಗೂ ಮಹಾರಾಷ್ಟ್ರ, ಕರ್ನಾಟಕ ಎಂಬ ಗಡಿ ಗೊತ್ತಿಲ್ಲ. ಕೆಳಗೆ ಚಿಕ್ಕೋಡಿ, ಅಥಣಿ ಕಡೆ ಇರುವವರು ನಮ್ಮ ಬೀಗರೇ. ಹಾಗೆಂದು ರೀಠಾ ನೀರನ್ನೂ ಹಳ್ಳಕ್ಕೆ ಸುರಿಯಬೇಡಿರಿ. ಅದು ಗಿಡದ್ದೇ ಆದರೂ ಮೀನಿಗೆ ವಿಷ. ಹಿತ್ತಲ ಮಣ್ಣಿಗೆ ಹಾಕಿದರೆ ಅಲ್ಲಿಯೇ ಕರಗಿ ಹೋಗುತ್ತದೆ.

ಆದರೆ ಎಲ್ಲಕ್ಕಿಂತ ದೊಡ್ಡ ಉಪಕಾರವೆಂದರೆ ಇದ್ದ ಬೂಟನ್ನು ಹೆಚ್ಚು ದಿನ ಬಾಳಿಸುವುದು. ಕಸದ ಗುಂಡಿಗೆ ಹೋದ ರೆಕ್ಸಿನ್ ಕೊಳೆಯುವುದಿಲ್ಲ. ಅದನ್ನು ಸುಡಲೂ ಬಾರದು, ಕೆಟ್ಟ ಹೊಗೆ ಬರುತ್ತದೆ. ಮಕ್ಕಳ ಕಾಲು ಬೇಗ ಬೆಳೆಯುವುದರಿಂದ ಬೂಟು ಹರಿಯುವ ಮೊದಲೇ ಸಣ್ಣದಾಗುತ್ತದೆ. ಹೆಬ್ಬೆರಳಿನ ಮುಂದೆ ಸುಮಾರು 1 ಸೆಂಟಿಮೀಟರು ಜಾಗ ಇದೆಯೇ ಎಂದು ಎರಡು ಮೂರು ತಿಂಗಳಿಗೊಮ್ಮೆ ನೋಡಿರಿ. ಸಣ್ಣದಾದರೆ ತೊಳೆದು, ಒಣಗಿಸಿ ತಮ್ಮನಿಗೋ ನೆರೆಯ ಮಗುವಿಗೋ ಕೊಡಿರಿ. ಕೊಡುವ ಮೊದಲು ಬೂಟನ್ನು ಮೇಜಿನ ಮೇಲೆ ಇಟ್ಟು ಹಿಂದಿನಿಂದ ನೋಡಿರಿ. ಹಿಮ್ಮಡಿ ಒಂದು ಕಡೆ ಸವೆದು ವಾಲಿದ್ದರೆ ಕೊಡಬೇಡಿರಿ, ಮೊದಲನೆಯ ಮಗುವಿನ ನಡಿಗೆಯನ್ನು ಎರಡನೆಯದಕ್ಕೆ ಹೇರಿದಂತಾಗುತ್ತದೆ. ಹೊಲಿಗೆ ಬಿಟ್ಟಿದ್ದರೆ ಚಮ್ಮಾರನ ಹತ್ತಿರ ಒಯ್ಯಿರಿ.

ನಮ್ಮ ಕೊಲ್ಹಾಪುರಿ ಚಪ್ಪಲಿಯನ್ನೇ ನೋಡಿರಿ. ಜಾಲಿ ಚಕ್ಕೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮ, ಕೈಹೊಲಿಗೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಕೂಡಿಯೇ ಸಿಕ್ಕಿತು. ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬಹುದಾದ ವಸ್ತು ಅದು. ಮೆಟ್ಟು ಹೊಲಿಯುವ ಕಾಯಕವನ್ನು ಕೀಳೆಂದು ತಿಳಿಯಬಾರದೆಂದು ಹರಳಯ್ಯ ಶರಣರ ಕಥೆ ಕೇಳಿ ಬೆಳೆದವರು ನಾವು. ಆದರೂ ಹತ್ತು ರೂಪಾಯಿಯ ಹೊಲಿಗೆಗೆ ಚೌಕಾಶಿ ಮಾಡಿ, ಬೂಟನ್ನು ಎಸೆದು ಹೊಸದಕ್ಕೆ ಸಾವಿರ ಕೊಡುತ್ತೇವೆ. ಲೆಕ್ಕ ಬರೆದ ಕೈ ನನ್ನದು, ಈ ಲೆಕ್ಕ ನನಗೆ ಕೂಡುವುದಿಲ್ಲ.

ಕಳೆದ ಮಳೆಗಾಲದಲ್ಲಿ ಮಗಳು ತನ್ನ ಮಗನೊಂದಿಗೆ ಬಂದಿದ್ದಳು. ಹುಡುಗ ಬೂಟು ತೋಯಿಸಿಕೊಂಡು ಬಂದ. ನಾನು ಏಳುವುದರೊಳಗೆ ಅವಳು ಕಾಗದ ತುರುಕಿ ಫ್ಯಾನಿನ ಕೆಳಗೆ ಇಟ್ಟಾಗಿತ್ತು. "ಇಚಲಕರಂಜಿಯ ಬೂಟು ನೆನಪಿದೆಯೇನವ್ವಾ?" ಎಂದು ಅಂಜುತ್ತಲೇ ಕೇಳಿದೆ. "ನೆನಪದ ಅಪ್ಪಾ, ಅದಕ್ಕ ಒಲಿ ಹತ್ರ ಇಟ್ಟಿಲ್ಲ" ಅಂದಳು. ಇಷ್ಟು ವರ್ಷ ಹೇಳದೆ ಉಳಿದಿದ್ದ ತಪ್ಪಾಯಿತು ಎಂಬ ಮಾತನ್ನು ಆಗ ಹೇಳಿದೆ. ಅವಳು ನಕ್ಕು ಮಗನ ಕಾಲು ಒರೆಸಿದಳು.

ಇವತ್ತು ರಾತ್ರಿ ಊಟವಾದ ಮೇಲೆ ನೀವೂ ಒಮ್ಮೆ ಹೊಸ್ತಿಲ ಹೊರಗೆ ಹೋಗಿ ಮಕ್ಕಳ ಬೂಟಿನೊಳಗೆ ಕೈ ಹಾಕಿ ನೋಡಿರಿ. ಒದ್ದೆ ಇದ್ದರೆ ಕಾಗದ ತುಂಬಿರಿ. ಎರಡು ನಿಮಿಷದ ಕೆಲಸ. ನಾಳೆ ಬೆಳಿಗ್ಗೆ ಒಂದು ಮಗು ಒಣ ಕಾಲಿನಲ್ಲಿ, ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲುತ್ತದೆ.